ಮುರಿಯಬೇಕಾದ ಕುರ್ಚಿ

ಜುಲೈ ೪

ಮಗಳೇ,

ಫೋನಿನಲ್ಲಿ ನೀನು ‘ಹೂಂ’, ‘ಸರಿ’, ‘ಊಟ ಆಯ್ತು’ ಇಷ್ಟರ ಮೇಲೆ ಮಾತು ಬೆಳೆಸುವುದಿಲ್ಲ. ಕಾಗದ ಬರೆದರೆ ಮಾತ್ರ ಬಾಯಿ ಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ನಿಂತವನು ಈಗ ಪರಊರಿನ ಸಿನಿಮಾ ಶಾಲೆಯಲ್ಲಿ ಬೆಂಚಿನ ಮೇಲೆ ಕೂತಿದ್ದೇನೆ. ನಿವೃತ್ತನಾದ ಮೇಲೆ ಸಿನಿಮಾ ಕಲಿಯುತ್ತೇನೆ ಎಂದಾಗ ನಿನ್ನ ಅಮ್ಮ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು. ಇಲ್ಲಿನ ಹುಡುಗರು ಮೊದಲ ದಿನ ನನ್ನನ್ನು ಮೇಷ್ಟ್ರೆಂದುಕೊಂಡು ಎದ್ದು ನಿಂತರು. ಅಲ್ಲವೆಂದು ಗೊತ್ತಾದ ಮೇಲೆ ‘ತಾತ’ ಎಂದು ಹೆಸರಿಟ್ಟು ತಮ್ಮ ಪಾಡಿಗೆ ತಾವಿದ್ದರು. ಮಧ್ಯಾಹ್ನ ಊಟಕ್ಕೆ ಕೂತರೆ ನನ್ನ ಪಕ್ಕದ ಜಾಗ ಸದಾ ಖಾಲಿ. ಇದನ್ನು ಅಮ್ಮನಿಗೆ ಹೇಳಬೇಡ.

ಈಗ ಕಾಲ ಬದಲಾಗಿದೆ. ವರ್ಷದ ಕೊನೆಯ ಚಿತ್ರಕ್ಕೆ ಗುಂಪು ಕಟ್ಟಿದ್ದಾರೆ. ಕೊಲೆಯ ಕಥೆ. ಎಲ್ಲರಿಗೂ ಕೆಲಸ ಹಂಚಿದ ಮೇಲೆ ನಿರ್ದೇಶಕಿ ನನ್ನತ್ತ ತಿರುಗಿದಳು. ನಿನಗಿಂತ ಚಿಕ್ಕವಳು, ಮಾತಾಡುವಾಗ ಪೆನ್ನಿನ ಮುಚ್ಚಳ ಕಡಿಯುತ್ತಾಳೆ. “ತಾತಾ, ಹಳೇ ಸಾಮಾನೆಲ್ಲ ಎಲ್ಲಿ ಸಿಗುತ್ತೆ ಅಂತ ನಿಮಗೆ ಗೊತ್ತಿರುತ್ತೆ ಅಲ್ವಾ?” ಎಂದಳು. ನಾನೇ ಹಳೆಯ ಸಾಮಾನಾಗಿರುವುದು ಕಡೆಗೂ ಉಪಯೋಗಕ್ಕೆ ಬಂತು. ಸಾಮಾನಿನ ಕೋಣೆಯ ಬೀಗದಕೈ ನನ್ನ ಜೇಬಿಗೆ ಬಿತ್ತು. ಅದು ಜೇಬಿನಲ್ಲಿರುವಷ್ಟು ದಿನ ನಾನು ಈ ಗುಂಪಿನವನು. ಈಗ ಎಲ್ಲರೂ ದಿನಕ್ಕೆ ಹತ್ತು ಸಲ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಗುಜರಿ ಅಂಗಡಿಯಲ್ಲಿ ಡಯಲ್ ತಿರುಗಿಸುವ ಫೋನು ಸಿಕ್ಕಿತು. ಚಾಕುವನ್ನು ರಬ್ಬರಿನಲ್ಲಿ ಕತ್ತರಿಸಿ ಬೆಳ್ಳಿ ಬಣ್ಣ ಬಳಿದೆ. ರಕ್ತಕ್ಕೆ ಗ್ಲೂಕೋಸ್ ಪಾಕ, ಕೆಂಪು ಬಣ್ಣ, ಚಿಟಿಕೆ ಕಾಫಿಪುಡಿ. ನೋಡಿದವರು ದಂಗಾದರು. ಆದರೆ ಹೆಣ ಮಲಗಿ ಸ್ವಲ್ಪ ಹೊತ್ತಿಗೆ ಇರುವೆ ಸಾಲುಗಟ್ಟಿದವು. ಹೆಣ ಎದ್ದು ಅಂಗಿ ಕೊಡವಿಕೊಂಡು ಓಡಿತು. ಈಗ ಲವಂಗದ ಎಣ್ಣೆ ಸೇರಿಸಿದ್ದೇನೆ. ಇರುವೆ ಬರುವುದಿಲ್ಲ, ಕೊಲೆಯಾದವನಿಂದ ಹಲ್ಲಿನ ಡಾಕ್ಟರ ವಾಸನೆ ಬರುತ್ತದೆ.

ಇನ್ನು ಉಳಿದಿರುವುದು ಕುರ್ಚಿ. ಪಾಳಿಯಲ್ಲಿ ಸ್ಟೂಲಿನ ಮೇಲೆ ಕೂತ ಕಾವಲುಗಾರನ ಬೆನ್ನಿಗೆ ಹಿಂದಿನಿಂದ ಒಬ್ಬಳು ಕುರ್ಚಿ ಎತ್ತಿ ಹೊಡೆಯುತ್ತಾಳೆ. ಕುರ್ಚಿ ಚೂರುಚೂರಾಗಬೇಕು, ಕಾವಲುಗಾರನಿಗೆ ಏನೂ ಆಗಬಾರದು. ಚಿತ್ರಕ್ಕೆ ಇದೇ ಪ್ರಾಣ. ಯಾರು ಮಾಡಿಕೊಡುತ್ತಾರೆ ಎಂದಾಗ ನಾನು ಎದೆಯುಬ್ಬಿಸಿ ನಿನ್ನ ಹೆಸರು ಹೇಳಿಬಿಟ್ಟೆ. ಕುರ್ಚಿ ಕಾರ್ಖಾನೆಯಲ್ಲಿರುವ ಮಗಳು ಎಷ್ಟು ಜನರಿಗಿದ್ದಾಳೆ?

ಅಪ್ಪ

ಜುಲೈ ೧೫

ಅಪ್ಪಾ,

ಕುರ್ಚಿ ಗಟ್ಟಿಯಾಗಿ ಮಾಡಿ ಎಂದು ಕೇಳುವವರನ್ನೇ ನೋಡಿದ್ದೇನೆ. ಮುರಿಯುವಂಥದ್ದು ಬೇಕೆಂದವನು ನೀನೊಬ್ಬ. ಇಲ್ಲಿ ಹೇಳಿದರೆ ಮೇಸ್ತ್ರಿ ನಿನಗೂ ನನಗೂ ಸೇರಿಸಿ ಬೈಯುತ್ತಾರೆ, ಆದ್ದರಿಂದ ಬಾಯಿ ಮುಚ್ಚಿಕೊಂಡು ಮಾಡುತ್ತೇನೆ. ಹೆದರಬೇಡ. ಕುರ್ಚಿ ಮಾಡುವುದು ನನಗೀಗ ನೀರು ಕುಡಿದಷ್ಟು ಸುಲಭ.

ಹೊಡೆಯುವವಳ ಎತ್ತರ, ಕೈಯ ಬಲ ಬರೆದು ತಿಳಿಸು. ಏಟು ಯಾವ ಕಡೆಯಿಂದ? ಕ್ಯಾಮೆರಾಗೆ ಕುರ್ಚಿಯ ಯಾವ ಮಗ್ಗುಲು ಕಾಣುತ್ತದೆ? ಏಟು ತಿನ್ನುವವನ ಬೆನ್ನು ಎಂಥದು?

ಊಟಕ್ಕೆ ಒಬ್ಬನೇ ಕೂರುವ ಸಂಗತಿ ಅಮ್ಮನಿಗೆ ಹೇಳಿಲ್ಲ. ನನಗೆ ಹೇಳಿದ್ದು ಒಳ್ಳೆಯದಾಯಿತು.

ಮಗಳು

ಜುಲೈ ೨೧

ಮಗಳೇ,

ಹೊಡೆಯುವವಳು ಸಣಕಲಿ. ಜಿರಲೆ ಕಂಡರೆ ಮೇಜು ಹತ್ತುತ್ತಾಳೆ, ಆದರೂ ಎಲ್ಲರೂ ಅವಳನ್ನು ‘ಕೊಲೆಗಾರ್ತಿ’ ಎಂದೇ ಕರೆಯುತ್ತಾರೆ. ಏಟು ಬಲಗಡೆಯಿಂದ, ಹಿಂಗಾಲು ಹಿಡಿದು. ಕ್ಯಾಮೆರಾಗೆ ಹೊರಮಗ್ಗುಲು ಮಾತ್ರ ಕಾಣುತ್ತದೆ. ಕಾವಲುಗಾರನಾಗಿ ಕೂರುವವನು ಪೈಲ್ವಾನ. ಅವನ ಬೆನ್ನಿನ ಮೇಲೆ ಎರಡು ಮಂಚ ಹಾಕಬಹುದು.

ಸಾಮಾನಿನ ಕೋಣೆಯಲ್ಲಿ ನಿನ್ನ ಕುರ್ಚಿಗೆಂದು ಕಿಟಕಿಯ ಪಕ್ಕ ಜಾಗ ಗುಡಿಸಿ ಇಟ್ಟಿದ್ದೇನೆ.

ಅಪ್ಪ

ಆಗಸ್ಟ್ ೬

ಅಪ್ಪಾ,

ಕುರ್ಚಿ ಪಾರ್ಸೆಲ್ಲಿನಲ್ಲಿ ಬರುತ್ತಿದೆ. ಅದರ ಮೇಲೆ ಯಾರನ್ನೂ ಕೂರಿಸಬೇಡ. ನೀನಂತೂ ಕೂರಲೇಬೇಡ. ಹೇಗೆ ಮಾಡಿದ್ದೇನೆ ಎಂದು ಬರೆದರೆ ಓದಿ ಹೆದರುತ್ತೀಯ, ಅದಕ್ಕೇ ಬರೆಯುವುದಿಲ್ಲ. ಎತ್ತಲಿ, ಹೊಡೆಯಲಿ, ಅಷ್ಟೇ.

ಮಗಳು

ಆಗಸ್ಟ್ ೧೬

ಮಗಳೇ,

ಚಿತ್ರೀಕರಣ ಆಯಿತು. ಕುರ್ಚಿ ಚೆನ್ನಾಗಿ ಮುರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ದೇಶಕಿ ನಿನಗೆ ನಮಸ್ಕಾರ ತಿಳಿಸಿದ್ದಾಳೆ.

ಇಲ್ಲಿ ಸೆಕೆ ಜಾಸ್ತಿ. ಅಮ್ಮನಿಗೆ ಆಸ್ಪತ್ರೆಯಲ್ಲಿ ಈ ತಿಂಗಳೂ ರಾತ್ರಿ ಪಾಳಿಯಂತೆ. ನೀನು ಹೊತ್ತು ಹೊತ್ತಿಗೆ ಊಟ ಮಾಡು.

ಅಪ್ಪ

ಆಗಸ್ಟ್ ೨೨

ಅಪ್ಪಾ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ, ಮತ್ತೆ ಓದಿದೆ, ಆಮೇಲೆ ಮರದ ಪುಡಿಯ ರಾಶಿಯ ಹಿಂದೆ ಹೋಗಿ ಒಬ್ಬಳೇ ಕುಣಿದೆ. ಇಷ್ಟು ಖುಷಿಯಾಗಿ ಬಹಳ ದಿನವಾಗಿತ್ತು.

ಆದರೆ ಇರುವೆಯ ಬಗ್ಗೆ ಅಷ್ಟುದ್ದ ಬರೆದವನು ಕುರ್ಚಿಯ ಬಗ್ಗೆ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನಟರ ಜೊತೆ ಸೇರಿ ಹಮ್ಮು ಬಂದಿರಬೇಕು. ಇರಲಿ. ಒಂದು ಉಪಕಾರ ಮಾಡು. ಮುರಿದ ತುಂಡುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ನನಗೆ ಕಳಿಸು. ಎಲ್ಲಿ ಮೊದಲು ಸೀಳಿತು, ಎಲ್ಲಿ ತಡೆಯಿತು ಎಂದು ನೋಡಬೇಕು. ಬಡಗಿಗೆ ಮುರಿದ ಮರ ಹೇಳುವಷ್ಟು ಚಪ್ಪಾಳೆ ಹೇಳುವುದಿಲ್ಲ.

ಮಗಳು

ಸೆಪ್ಟೆಂಬರ್ ೧೧

ಮಗಳೇ,

ತುಂಡುಗಳನ್ನು ಕಳಿಸಿದ್ದೇನೆ. ತಡವಾಯಿತು, ಇಲ್ಲಿ ಕೆಲಸ. ಅಷ್ಟೊಂದು ಪರೀಕ್ಷೆ ಮಾಡುವಂಥದ್ದು ಅದರಲ್ಲಿ ಏನೂ ಇಲ್ಲ. ಒಲೆಗೆ ಹಾಕಿದರೂ ಆದೀತು.

ಅಪ್ಪ

ಸೆಪ್ಟೆಂಬರ್ ೧೭

ಅಪ್ಪಾ,

ತುಂಡುಗಳನ್ನು ನೆಲದ ಮೇಲೆ ಜೋಡಿಸಿದೆ. ನಾನು ಮುರಿಯಬೇಕೆಂದು ಸಿದ್ಧಮಾಡಿದ ಒಂದು ಜಾಗದಲ್ಲೂ ಮುರಿದಿಲ್ಲ. ಮುರಿದಿರುವುದು ಸುತ್ತಿಗೆ ಬಿದ್ದ ಕಡೆ. ಹಿಂಗಾಲಿನಲ್ಲಿ ಗರಗಸದ ಗುರುತಿದೆ, ಅದೂ ಸುಸ್ತಾಗಿ ನಿಲ್ಲಿಸಿ, ಉಸಿರು ತೆಗೆದುಕೊಂಡು ಮತ್ತೆ ಶುರುಮಾಡಿದ ಗುರುತು. ನೀನು ಗರಗಸ ಹಿಡಿದಿದ್ದನ್ನು ಕಣ್ಣಾರೆ ಕಂಡಂತಾಯಿತು.

ಕಾಲು, ಪಟ್ಟಿಗಳು ಕೂಡುವ ಸೇರುವೆಗಳ ಒಳಗೆ ಅಂಟು ಇದೆ. ಕಾಲುಗಳ ಒಳಮಗ್ಗುಲಲ್ಲಿ ನಾನು ಗರಗಸ ಹಾಕಿ, ಮೇಣ ತುಂಬಿ, ಮೇಲೆ ಬಣ್ಣ ಸವರಿದ ಸೀಳುಗಳಲ್ಲೂ ಅಂಟು ಇದೆ. ಅದನ್ನು ತುಂಬಿರುವ ನಾಜೂಕು ನೋಡಿದರೆ ಯಾರ ಕೈ ಎಂದು ಬೇರೆ ಹೇಳಬೇಕಾಗಿಲ್ಲ. ಮುಲಾಮು ಡಬ್ಬಿ ತುಂಬಿದ ಹಾಗಿದೆ.

ಅಂಟು ಹಾಕದೇ ಬಿಟ್ಟದ್ದು ಮರೆವಲ್ಲ ಅಪ್ಪಾ. ಅದೇ ಕೆಲಸ. ಸೇರುವೆಗಳನ್ನು ಅಂಟಿಲ್ಲದೆ, ಹಲ್ಲುಕಡ್ಡಿಯಷ್ಟು ಸಣ್ಣ ಗೂಟದಲ್ಲಿ ನಿಲ್ಲಿಸಿದ್ದೆ. ಎತ್ತುವಾಗ ಬೀಳಬಾರದು, ತಗುಲಿದಾಗ ನಿಲ್ಲಬಾರದು. ಅಷ್ಟು ಮಾತ್ರ ಬಿಗಿ ಬರುವಂತೆ ಒಂದೊಂದು ಗೂಟವನ್ನೂ ಎಷ್ಟು ಸಲ ಬದಲಾಯಿಸಿದೆ ಎಂದು ನಿನಗೇನು ಗೊತ್ತು? ನೀನು ಅಲುಗಾಡಿಸಿ ನೋಡಿ, ಮಗಳಿಗೆ ಕೆಲಸ ಬರುವುದಿಲ್ಲ ಎಂದುಕೊಂಡು ಮೇಲಿಂದ ಮುಚ್ಚಿದೆ. ನನ್ನನ್ನು ಕೇಳಲೂ ಇಲ್ಲ.

ಸುಳ್ಳು ಬರೆದದ್ದಕ್ಕಿಂತ ಇದು ಹೆಚ್ಚು ಉರಿಯುತ್ತಿದೆ. ಅದು ನಾನು ಪೂರ್ತಿಯಾಗಿ ಮಾಡಿದ ಮೊದಲ ಕುರ್ಚಿ. ಹೌದು, ಮೊದಲನೆಯದು. ಇಲ್ಲಿ ನನ್ನ ಕೈಗೆ ಮರಳುಕಾಗದ ಕೊಟ್ಟು ಬೇರೆಯವರ ಕುರ್ಚಿ ಉಜ್ಜಲು ಕೂರಿಸಿದ್ದಾರೆ. ನೀರು ಕುಡಿದಷ್ಟು ಸುಲಭ ಎಂದದ್ದು ಸುಳ್ಳು.

ಸದ್ಯಕ್ಕೆ ಬರೆಯಬೇಡ.

ಸೆಪ್ಟೆಂಬರ್ ೨೩

ಮಗಳೇ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ. ಓದಬೇಕೆನಿಸಿದಾಗ ಓದು.

ಪೆಟ್ಟಿಗೆ ಬಿಚ್ಚಿದಾಗ ಕುರ್ಚಿ ಅಲುಗುತ್ತಿತ್ತು. ಕಾಲಿನಲ್ಲಿ ಸೀಳು ಕಂಡಿತು. ಪಾರ್ಸೆಲ್ಲಿನವರು ಎತ್ತಿ ಎಸೆದಿದ್ದಾರೆ ಎಂದೇ ತಿಳಿದೆ. ನಾಳೆ ಎಲ್ಲರೆದುರು ಎತ್ತಿದ ಕೂಡಲೇ ಕಳಚಿಬಿದ್ದರೆ ನಿನ್ನ ಮರ್ಯಾದೆ ಹೋಗುತ್ತದಲ್ಲ ಎಂದು ಜೀವ ತಡೆಯಲಿಲ್ಲ. ಒಂದು ತೊಟ್ಟು ಅಂಟು ಹಾಕಿದೆ. ಅಲ್ಲಿ ಹಾಕಿದ ಮೇಲೆ ಇಲ್ಲಿ ಅಲುಗುವುದು ಕಂಡಿತು. ಅಲುಗುವ ಮುಚ್ಚಳ, ಅಲುಗುವ ಬಾಗಿಲು, ಅಲುಗುವ ಹಲ್ಲು, ಯಾವುದನ್ನೂ ನೋಡಿಕೊಂಡು ಸುಮ್ಮನಿರುವವನಲ್ಲ ನಾನು. ಮುಗಿಯುವ ಹೊತ್ತಿಗೆ ಕುರ್ಚಿ ಬಂಡೆಯಾಗಿತ್ತು. ನೋಡಿ ನಾನೇ ಹೆಮ್ಮೆಪಟ್ಟೆ.

ಕೊಲೆಗಾರ್ತಿ ಕಣ್ಣು ಮುಚ್ಚಿಕೊಂಡು ಬಲವಾಗಿಯೇ ಹೊಡೆದಳು. ಧಡ್ ಎಂದಿತು. ಕುರ್ಚಿ ಕುರ್ಚಿಯಾಗಿಯೇ ಇತ್ತು. ಪೈಲ್ವಾನನ ಭುಜ ಬಾತುಕೊಂಡಿತು. ಅವನು “ಏನಿಲ್ಲ ತಾತ, ಏನಿಲ್ಲ” ಎನ್ನುತ್ತಾ ಕಣ್ಣಲ್ಲಿ ನೀರು ತಂದುಕೊಂಡ. ಕೊಲೆಗಾರ್ತಿ ಅಂದು ಊಟ ಮಾಡಲಿಲ್ಲ. ಯಾರೋ ಒಬ್ಬ “ನಿಮ್ಮ ಮಗಳಿಗೆ ಕೆಲಸ ಗೊತ್ತಿಲ್ಲ ಅನ್ಸುತ್ತೆ” ಎಂದ. ನಾನು ಅಲ್ಲೇ, ಎಲ್ಲರೆದುರು, ಅಂಟು ಹಾಕಿದ್ದು ನಾನೆಂದು ಹೇಳಿದೆ. ನಿನಗೆ ಸುಳ್ಳು ಹೇಳಿದ್ದು ನಿಜ, ನಿನ್ನ ಮೇಲೆ ಸುಳ್ಳು ಹೊರಿಸಲು ಬಿಡಲಿಲ್ಲ.

ಅದೇ ದಿನ ಬೀಗದಕೈ ವಾಪಸು ತೆಗೆದುಕೊಂಡರು. ಈಗ ಅದು ಬೇರೆಯವನ ಕೊರಳಲ್ಲಿದೆ. ನನಗೆ ಬಿಸಿಲಿನಲ್ಲಿ ಕ್ಯಾಮೆರಾಗೆ ಕೊಡೆ ಹಿಡಿಯುವ ಕೆಲಸ. ಮೇಷ್ಟ್ರು ಕುರ್ಚಿ ಬಿಟ್ಟು ಹಗ್ಗದಿಂದ ಕೊಲ್ಲಿಸಿ ಎಂದಿದ್ದಾರೆ. ನಿರ್ದೇಶಕಿ ಒಪ್ಪಿಲ್ಲ. ಕಾಡಿ ಬೇಡಿ ನವೆಂಬರಿನಲ್ಲಿ ಇನ್ನೊಂದು ಸಲಕ್ಕೆ ಅನುಮತಿ ತಂದಿದ್ದಾಳೆ. ಒಂದೇ ಸಲ. ಅದೂ ಕೆಟ್ಟರೆ ಅವಳ ಚಿತ್ರವೂ ಕೆಟ್ಟಿತು, ನಾನು ಕೊಡೆ ಮಡಿಸಿಟ್ಟು ಮನೆಗೆ ಹೋಗುವುದೇ ಸರಿ.

ಇನ್ನೊಂದು ಕುರ್ಚಿ ಮಾಡಿಕೊಡು ಎಂದು ಕೇಳುವ ಮುಖ ನನಗಿಲ್ಲ. ನೀನು ಅಷ್ಟು ಲೆಕ್ಕ ಹಾಕಿ ಬಿಟ್ಟ ಸಡಿಲನ್ನು ನಾನು ಕೆಡಿಸಿದೆ. ತಪ್ಪಾಯಿತು.

ಅಪ್ಪ

ಅಕ್ಟೋಬರ್ ೯

ಅಪ್ಪಾ,

ನಿನ್ನ ಕಾಗದ ಬಂದು ಇಷ್ಟು ದಿನವಾಯಿತು. ಸಿಟ್ಟು ಇಳಿಯಲು ಕಾಯುತ್ತಿದ್ದೆ. ಇಳಿಯಿತು ಎಂದುಕೊಂಡಾಗಲೆಲ್ಲ ಆ ಅಂಟು ನೆನಪಾಗಿ ಮತ್ತೆ ಏರುತ್ತಿತ್ತು. ಕೊನೆಗೆ ನೀನು ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು. ಕೊಡೆ ಕ್ಯಾಮೆರಾಗೆ, ಬಿಸಿಲು ನಿನಗೆ. ಆಮೇಲೆ ಸಿಟ್ಟು ನಿಲ್ಲಲಿಲ್ಲ.

ಕುರ್ಚಿ ಮಾಡುತ್ತೇನೆ. ಶುರು ಮಾಡಿಯೂ ಆಯಿತು. ಹೇಗೆ ಮಾಡುತ್ತೇನೆ ಎಂದು ಆಗ ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ, ಅಷ್ಟು ನನ್ನ ತಪ್ಪು. ಹಾಗಾಗಿ ಈಗ ಕೇಳಿಸಿಕೋ. ಕುರ್ಚಿಯ ಬೆನ್ನಿನ ಪಟ್ಟಿಗಳನ್ನು ಒಳಗಿಂದ ಟೊಳ್ಳು ಮಾಡುತ್ತೇನೆ. ಏಟು ತಿನ್ನುವವನ ಬೆನ್ನಿಗೆ ತಗುಲುವ ಅಂಚುಗಳೆಲ್ಲ ದುಂಡಗೆ. ಮೊಳೆ ಒಂದೂ ಇಲ್ಲ. ಕುರ್ಚಿ ಅಲುಗುತ್ತದೆ. ಅಲುಗಲೇಬೇಕು. ಅಲುಗುವುದನ್ನು ನೋಡಿ ಕೈ ತುರಿಸಿದರೆ ಕೈಯನ್ನು ಜೇಬಿನಲ್ಲಿಟ್ಟುಕೋ.

ಪೈಲ್ವಾನ ಮತ್ತೆ ಕೂರುತ್ತಾನೆಯೇ? ಬೇರೆಯವರಾದರೆ ಬೆನ್ನಿನ ಅಗಲ, ಕೂತಾಗಿನ ಎತ್ತರ ಕಳಿಸು. ಈ ಸಲ ಬೆನ್ನಿಗೆ ತಕ್ಕ ಕುರ್ಚಿ ಮಾಡಬೇಕೆಂದಿದ್ದೇನೆ.

ಮಗಳು

ಅಕ್ಟೋಬರ್ ೧೪

ಮಗಳೇ,

ಪೈಲ್ವಾನ ಕೂರುವುದಿಲ್ಲ. ಅವನಮ್ಮ ಮೇಷ್ಟ್ರಿಗೆ ಫೋನು ಮಾಡಿ ನೀರಿಳಿಸಿದರಂತೆ. ಉಳಿದ ಹುಡುಗರನ್ನು ಕೇಳಿದರೆ ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಅಂದೇ ಅಕ್ಕನ ಮನೆಗೆ ಹೋಗುವುದಿದೆ, ಮತ್ತೊಬ್ಬ ಕೇಳುವ ಮೊದಲೇ ಬಾಗಿಲಾಚೆ. ಕೊನೆಗೆ ಒಬ್ಬ ಸಿಕ್ಕಿದ್ದಾನೆ. ಸ್ವಲ್ಪ ವಯಸ್ಸಾದವನು, ಕಾವಲುಗಾರನ ಪಾತ್ರಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತಾನೆ. ಅಳತೆ ಇದರ ಹಿಂದೆ ಬರೆದಿದ್ದೇನೆ. ಆಸಾಮಿಗೆ ಬೆನ್ನುನೋವಿಲ್ಲ, ರಕ್ತದೊತ್ತಡವಿಲ್ಲ, ನಾನೇ ವಿಚಾರಿಸಿದ್ದೇನೆ.

ಅಪ್ಪ

ಅಕ್ಟೋಬರ್ ೨೯

ಅಪ್ಪಾ,

ಕುರ್ಚಿ ಬರುತ್ತಿದೆ. ಈ ಸಲ ಎರಡು ಮಾಡಿದೆ. ಒಂದನ್ನು ಇಲ್ಲೇ ಪರೀಕ್ಷೆಗೆ ಒಡ್ಡಿದೆ. ಗುಟ್ಟಾಗಿ ಮಾಡುತ್ತಿದ್ದಾಗ ಮೇಸ್ತ್ರಿಯ ಕಣ್ಣಿಗೆ ಬಿದ್ದೆ. ಅವರು ಕುರ್ಚಿಯ ಸುತ್ತ ಸುತ್ತಿದರು, ಗೂಟಗಳನ್ನು ಮುಟ್ಟಿ ನೋಡಿದರು, “ಹೊಡೆಯೋಕೆ ಒಬ್ಬರು ಬೇಕಲ್ಲ” ಎಂದು ಅಂಗಿಯ ತೋಳು ಮಡಿಸಿಕೊಂಡರು. ಅವರೇ ಎತ್ತಿ ಹೊಡೆದರು. ಹಪ್ಪಳ ಮುರಿದ ಹಾಗೆ ಮುರಿಯಿತು. ಯಾರ ಬೆನ್ನಿನ ಮೇಲೆ ಎಂದು ಮಾತ್ರ ಕೇಳಬೇಡ.

ತುಂಡುಗಳನ್ನು ಆಯುತ್ತಾ ಮೇಸ್ತ್ರಿ ಹೇಳಿದರು, “ಎಲ್ಲಿ ಮುರೀಬೇಕು ಅಂತ ಗೊತ್ತಿರೋಳಿಗೆ ಎಲ್ಲಿ ಮುರೀಬಾರದು ಅಂತಾನೂ ಗೊತ್ತಿರುತ್ತೆ. ಸೋಮವಾರದಿಂದ ಉಜ್ಜೋದು ಸಾಕು, ಬೆಂಚಿಗೆ ಬಾ.” ಬೆಂಚು ಎಂದರೆ ಮರ ಕೊಯ್ದು ಕುರ್ಚಿ ಕಟ್ಟುವ ಜಾಗ. ನಾನು ಸರಿ ಎಂದಷ್ಟೇ ಹೇಳಿದೆ.

ಕೂರುವವರಿಗೆ ಹೇಳು, ತಲೆ ಬಗ್ಗಿಸಿ ಕೂರಲಿ, ಉಸಿರು ಬಿಗಿಹಿಡಿಯುವುದು ಬೇಡ. ಮೈ ಸಡಿಲ ಬಿಟ್ಟಷ್ಟೂ ಒಳ್ಳೆಯದು. ಹೆದರಿಕೆಯಾದರೆ ನನ್ನನ್ನು ಬೈದುಕೊಳ್ಳಲಿ.

ಮಗಳು

ನವೆಂಬರ್ ೬

ಮಗಳೇ,

ಯಾರ ಬೆನ್ನೆಂದು ನಾನು ಕೇಳುವುದಿಲ್ಲ. ನೀನೂ ಕೇಳಬೇಡ.

ಬೆಂಚಿನ ವಿಷಯ ಓದಿ ಅಮ್ಮನಿಗೆ ಫೋನು ಮಾಡಿ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಆಸ್ಪತ್ರೆಯ ಓಣಿಯಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ಶೀತ ಎಂದಳು.

ಪೆಟ್ಟಿಗೆ ಬಂದ ದಿನ ಎಲ್ಲರೂ ಸೇರಿ ಬಿಚ್ಚಿದೆವು. ಕುರ್ಚಿ ಅಲುಗುತ್ತಿತ್ತು. ನಾನು ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. ಒಬ್ಬ ಹುಡುಗ “ತಾತಾ, ಇದು ಲೂಸಾಗಿದೆ” ಎಂದು ಅಂಟಿನ ಡಬ್ಬಿಗೆ ಕೈ ಹಾಕಿದ. ಅವನ ಮೇಲೆ ಹಾರಿಬಿದ್ದೆ. ಈಗಿನ ಹುಡುಗರಿಗೆ ತಾಳ್ಮೆಯೇ ಇಲ್ಲ.

ಕುರ್ಚಿ ಮುರಿಯಿತು. ಈ ಸಲ ನಿಜ. ಮೊದಲ ಏಟಿಗೇ, ನೀನು ಹೇಳಿದ ಕಡೆಯೇ. ಕೂತವನಿಗೆ ಸೊಳ್ಳೆ ಕಚ್ಚಿದಷ್ಟೂ ಆಗಲಿಲ್ಲ. ಬಹಳ ಚೆನ್ನಾಗಿ ಸತ್ತ. ಕ್ಯಾಮೆರಾ ಮುಖದ ಹತ್ತಿರ ಬಂದರೂ ಒಂದು ಕೂದಲು ಅಲುಗಲಿಲ್ಲ. ನಿರ್ದೇಶಕಿ ಪೆನ್ನಿನ ಮುಚ್ಚಳವನ್ನು ನುಂಗುವುದೊಂದು ಬಾಕಿ. ಕೊಲೆಗಾರ್ತಿ ಹೆಣವನ್ನು ಎಬ್ಬಿಸಿ ಅಪ್ಪಿಕೊಂಡಳು.

ಬೀಗದಕೈ ಸಂಜೆಯೇ ನನ್ನ ಜೇಬಿಗೆ ಬಂತು. ಮಾರನೆಯ ದಿನ ಊಟಕ್ಕೆ ಹೋದರೆ ಪೈಲ್ವಾನ ತನ್ನ ಪಕ್ಕದಲ್ಲಿ ಚೀಲವಿಟ್ಟು ನನಗೆ ಜಾಗ ಹಿಡಿದಿದ್ದ.

ಡಿಸೆಂಬರ್ ಎರಡನೆಯ ಶನಿವಾರ ಪ್ರದರ್ಶನ. ಅಮ್ಮನಿಗೆ ರಜೆ ಸಿಗುವುದಿಲ್ಲವಂತೆ. ನೀನಾದರೂ ಬಾ.

ಅಪ್ಪ

ಡಿಸೆಂಬರ್ ೧೫

ಅಪ್ಪಾ,

ಪ್ರದರ್ಶನ ಮುಗಿದ ಕೂಡಲೇ ಬಸ್ಸಿಗೆ ಹೊತ್ತಾಯಿತೆಂದು ಓಡಿದೆನಲ್ಲ, ಅದು ಸುಳ್ಳು. ಬಸ್ಸು ಹೊರಡಲು ಬೇಕಾದಷ್ಟು ಸಮಯವಿತ್ತು. ನಿನ್ನೆದುರು ನಿಂತರೆ ಮಾತು ಬರುವುದಿಲ್ಲ ಎಂದು ಓಡಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಮೊದಲು ನಾನು ನಿನ್ನ ಡಯಲ್ ಫೋನು, ರಬ್ಬರಿನ ಚಾಕು ನೋಡುತ್ತಾ ಕೂತಿದ್ದೆ. ಆಮೇಲೆ ಕಾವಲುಗಾರ ಬಂದ. ಬೆನ್ನು ಮಾತ್ರ ಕಾಣುತ್ತಿತ್ತು, ತಲೆಗೆ ಟೋಪಿ. ಅವನು ಟೀ ಲೋಟ ಎತ್ತುವ ಮೊದಲು ಬೆರಳಿನಿಂದ ಅದರ ಅಂಚು ಒರೆಸಿದ. ಅಂಗಡಿಯಲ್ಲಿ ಔಷಧಿ ಬಾಟಲಿಗಳ ಬಾಯಿ ಒರೆಸಿ ಅಭ್ಯಾಸವಾದ ನೀನಲ್ಲದೆ ಇನ್ನಾರೂ ಹಾಗೆ ಒರೆಸುವುದಿಲ್ಲ. ಆ ಅಳತೆಗಳನ್ನು ಇಟ್ಟುಕೊಂಡು ಅಷ್ಟು ದಿನ ಕೆಲಸ ಮಾಡಿದೆನಲ್ಲ, ಒಮ್ಮೆಯೂ ಹೊಳೆಯಲಿಲ್ಲ. ನಿನ್ನ ಬೆನ್ನೆಂದು ಗೊತ್ತಿದ್ದರೆ ನಾನು ಆ ಕುರ್ಚಿ ಮಾಡುತ್ತಲೇ ಇರಲಿಲ್ಲ. ಅದು ನಿನಗೂ ಗೊತ್ತಿತ್ತು.

ಬಾಗಿಲು ತೆರೆಯಿತು, ಅವಳು ನನ್ನ ಕುರ್ಚಿ ಎತ್ತಿದಳು. ನಾನು ಮಾಡಿದ ಕುರ್ಚಿ, ಅದರ ಜೋಡಿಯನ್ನು ನಾನೇ ಪರೀಕ್ಷೆ ಮಾಡಿದ್ದೆ, ಎಂದೋ ಮುಗಿದುಹೋದ ಏಟು. ಆದರೂ ‘ಬೇಡ’ ಎಂದುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು “ಸಿನಿಮಾನಮ್ಮಾ, ಸುಮ್ನಿರು” ಎಂದು ನನ್ನ ಕೈ ಹಿಡಿದುಕೊಂಡರು. ಕುರ್ಚಿ ಚೂರಾಯಿತು. ಇಡೀ ಸಭಾಂಗಣ ಒಮ್ಮೆಲೇ ಉಸಿರೆಳೆದುಕೊಂಡಿತು. ನೀನು ಪಕ್ಕಕ್ಕೆ ಉರುಳಿದೆ.

ಆಮೇಲೆ ನಿನ್ನ ಮುಖ ಪರದೆಯ ತುಂಬ ಬಂತು. ಹಣೆಯಿಂದ ರಕ್ತ ಇಳಿಯುತ್ತಿದೆ, ಕಣ್ಣು ಮುಚ್ಚಿದೆ. ಹೆಂಗಸು “ಅಯ್ಯೋ ಪಾಪ, ಹೋಗೇಬಿಟ್ಟ” ಎಂದರು. ಅವರಿಗೆ ಕಾಣಲಿಲ್ಲ. ನಿನ್ನ ನಿರ್ದೇಶಕಿಗೂ ಕಂಡಿಲ್ಲ, ಕಂಡಿದ್ದರೆ ಕತ್ತರಿಸುತ್ತಿದ್ದಳು. ಒಂದು ಕೂದಲು ಅಲುಗಲಿಲ್ಲ ಎಂದು ನೀನು ಬರೆದಿದ್ದೆ. ತುಟಿಯ ತುದಿ ಅಲುಗಿತು ಅಪ್ಪಾ. ಕಣ್ಣುರೆಪ್ಪೆ ಹೊಡೆಯುವಷ್ಟು ಹೊತ್ತು. ಕೊಲೆಯಾಗಿ ಬಿದ್ದವನು ಸಾಯಬೇಕೆಂಬುದನ್ನು ಮರೆತು, ಮಗಳ ಕುರ್ಚಿ ಮುರಿಯಿತೆಂದು ನಗುತ್ತಿದ್ದ.

ನಿನ್ನ ಬಡಗಿ